ಹಿಂಡದೆ ನಿಂತ ಹಳೇ ಕೆನ್‌ಮೋರ್

ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನಾನು ಬಿಚ್ಚಿ ಸರಿಮಾಡಿದ್ದು ಎಪ್ಪತ್ತರ ದಶಕದ ಒಂದು ಕೆನ್‌ಮೋರ್ ವಾಷಿಂಗ್ ಮಷೀನ್. ವಿನ್ಯಾಸ ಇನ್ನೂ ಹಳೆಯದು. 1947ರಲ್ಲಿ ಅಮೆರಿಕದ ಸಿಯರ್ಸ್ ಅಂಗಡಿಗಳಲ್ಲಿ ಮಾರಾಟಕ್ಕೆ ಬಂತು, ಮರುವರ್ಷ ಅದೇ ಯಂತ್ರ ವರ್ಲ್‌ಪೂಲ್ ಹೆಸರಿನಲ್ಲೂ ಸಿಗತೊಡಗಿತು. ಎಂಬತ್ತರ ದಶಕದವರೆಗೂ ಹೊರಗಿನ ಡಬ್ಬ ಬದಲಾಯಿತೇ ಹೊರತು ಒಳಗಿನ ತಂತ್ರ ಹೆಚ್ಚೇನೂ ಬದಲಾಗಲಿಲ್ಲ.

ಇದರ ಮೋಟಾರು ತಿರುಗುವುದು ಒಂದೇ ದಿಕ್ಕಿಗೆ. ಬೆಲ್ಟೂ ಒಂದೇ. ಅಷ್ಟರಲ್ಲೇ ಒಗೆಯಬೇಕು, ನೀರು ಹೊರಹಾಕಬೇಕು, ಹಿಂಡಬೇಕು. ಇನ್ನೊಂದು ಕಂಪನಿಯಾದ ಮೇಟ್ಯಾಗ್‌ನವರು ಮೋಟಾರನ್ನೇ ಹಿಮ್ಮುಖ ತಿರುಗಿಸಿ ಇದನ್ನು ಸಾಧಿಸಿದರು. ಇಲ್ಲಿ ಆ ಕೆಲಸ ವಿಗ್‌ವ್ಯಾಗ್‌ನದು. ಗೇರ್‌ಬಾಕ್ಸಿನ ಮೇಲೆ ಕೂತ ಈ ತೋಳು ಮೋಟಾರು ಓಡುವಷ್ಟು ಹೊತ್ತೂ ಎಡಕ್ಕೂ ಬಲಕ್ಕೂ ತೂಗುತ್ತಿರುತ್ತದೆ. ಅದರ ಮೇಲೆ ಎರಡು ಕಾಯಿಲ್, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿಸುರುಳಿಗಳು. ಟೈಮರ್ ಯಾವ ಕಾಯಿಲಿಗೆ ಕರೆಂಟ್ ಕೊಡುತ್ತದೋ ಅದರೊಳಗಿನ ಕಬ್ಬಿಣದ ಸರಳು, ಅಂದರೆ ಪ್ಲಂಜರ್, ಮೇಲೆದ್ದು, ಕೆಳಗಿನ ಪಟ್ಟಿಯನ್ನು ತೂಗಾಟ ಎಳೆದೊಯ್ಯುವಂತೆ ಮಾಡುತ್ತದೆ. ಒಂದು ಪಟ್ಟಿ ಬಟ್ಟೆ ಕಲಕುವ ನಡುಗಂಬವಾದ ಅಜಿಟೇಟರನ್ನು ಗೇರಿಗೆ ಜೋಡಿಸುತ್ತದೆ, ಇನ್ನೊಂದು ಬ್ರೇಕ್ ಬಿಡಿಸಿ, ಹಿಂಡಲು ಬುಟ್ಟಿಯನ್ನು ತಿರುಗಿಸುವ ಕ್ಲಚ್ಚನ್ನು ಹಿಡಿಸುತ್ತದೆ. ಎರಡೂ ಸುಮ್ಮನಿದ್ದರೆ ಪಂಪು ನೀರನ್ನು ಹೊರಗೆ ಕಳಿಸುತ್ತದೆ. ಕಾಯಿಲಿಗೆ ಬೇಕಾದದ್ದು ಒಂದು ಚಿಕ್ಕ ಪಿನ್ನನ್ನು ಎತ್ತುವಷ್ಟು ಶಕ್ತಿ ಮಾತ್ರ, ಭಾರ ಎಳೆಯುವುದು ಮೋಟಾರು. ಎಷ್ಟು ಸಲ ನೋಡಿದರೂ ನನಗೆ ಈ ಜಾಣತನ ಸಾಕೆನಿಸುವುದಿಲ್ಲ.

ನನ್ನ ಯಂತ್ರ ಒಗೆಯುತ್ತಿತ್ತು, ನೀರನ್ನೂ ಬಿಡುತ್ತಿತ್ತು, ಹಿಂಡುತ್ತಿರಲಿಲ್ಲ. ಬೆಲ್ಟ್ ಬಿಗಿಯಾಗಿಯೇ ಇತ್ತು. ಪ್ಲಗ್ ಕಿತ್ತು, ಹಿಂಡುವ ಕಾಯಿಲಿನ ವೈರಿನ ತುದಿಗಳಿಗೆ ಮಲ್ಟಿಮೀಟರ್ ಹಿಡಿದೆ, ಸರಿಯಾಗೇ ತೋರಿಸಿತು. ಆದರೆ ತೋಳನ್ನು ಕೈಯಿಂದ ಬಲಕ್ಕೆ ತೂಗಿಸಿದ ಕೂಡಲೇ ಮೀಟರಿನ ಮುಳ್ಳು ಬಿದ್ದುಹೋಯಿತು, ಎಡಕ್ಕೆ ತಂದರೆ ಮತ್ತೆ ಎದ್ದಿತು. ಹಿಂದೆ ಯಾರೋ ರಿಪೇರಿಯವರು ಗೋಡೆಯೊಳಗೆ ಹಾಯಿಸುವಂಥ ಗಟ್ಟಿ ಒಂಟಿತಂತಿಯನ್ನು ಅಲ್ಲಿ ಹಾಕಿದ್ದರು. ಬಿಡುವಿಲ್ಲದೆ ಮಣಿಯುವ ಜಾಗದಲ್ಲಿ ಅದು ಉಳಿದೀತೇ? ಹೊರಗಿನ ಹೊದಿಕೆ ನೆಟ್ಟಗಿತ್ತು, ಒಳಗೆ ತಾಮ್ರ ತುಂಡಾಗಿತ್ತು.

ನೂಲಿನಂಥ ಎಳೆಗಳ, ಬಿಸಿ ತಾಳುವ ಹೊದಿಕೆಯ ವೈರ್ ತಂದು ಹಾಕಿದೆ. ತೋಳು ಎರಡೂ ಕೊನೆ ಮುಟ್ಟಿದಾಗಲೂ ಎಳೆತ ಬೀಳದಂತೆ ಒಂದು ಸಡಿಲ ಸುತ್ತು ಬಿಟ್ಟು, ಬೆಲ್ಟಿಗೆ ತಾಗದ ಹಾಗೆ ಕಟ್ಟಿದೆ. ಪ್ಲಂಜರುಗಳನ್ನು ಒಣಬಟ್ಟೆಯಿಂದ ಒರೆಸಿದೆ. ಅಲ್ಲಿಗೆ ಎಣ್ಣೆ ಬಿಡಲೇಬಾರದು, ಬಟ್ಟೆಯ ನಾರೆಲ್ಲ ಬಂದು ಅಂಟಿಕೊಳ್ಳುತ್ತದೆ.

ಕೊನೆಗೆ ಬ್ರೇಕ್ ನೋಡಿದೆ. ಹಿಂಡುವಾಗ ಮುಚ್ಚಳ ಎತ್ತಿದರೆ ಕರೆಂಟ್ ಕಡಿಯುವುದು ಆ ಕಾಯಿಲಿಗೆ ಮಾತ್ರ. ಮೋಟಾರು ಓಡುತ್ತಲೇ ಇರುವುದರಿಂದ ತೂಗುವ ತೋಳೇ ಪಟ್ಟಿಯನ್ನು ಹಿಂದಕ್ಕೆ ತಳ್ಳಿ ಬ್ರೇಕ್ ಹಿಡಿಸುತ್ತದೆ. ಮುಚ್ಚಳ ಎತ್ತಿದೆ, ಬುಟ್ಟಿ ತಡವಿಲ್ಲದೆ ನಿಂತಿತು. ಹಿಂದಿನ ತಗಡು ಮುಚ್ಚಿ ಸ್ಕ್ರೂ ಬಿಗಿದೆ.