ಕಾರ್ಡ್ ಅರ್ಜಿಯಲ್ಲಿ ನಾನು ಬರೆದ ಆದಾಯ

ಸಾಗರ ತಾಲ್ಲೂಕಿನ ನಮ್ಮ ಮನೆಗೆ ಹಣ ಬರುವ ದಾರಿಗಳು ಮೂರು. ತೋಟದ ಪಹಣಿ ಮಾವನವರ ಹೆಸರಿನಲ್ಲಿರುವುದರಿಂದ ಅಡಿಕೆ ಮಾರಿದ ಹಣ ಅವರ ಖಾತೆಗೆ ಜಮಾ ಆಗುತ್ತದೆ. ಯಜಮಾನರಿಗೆ ಶಾಲೆಯ ಸಂಬಳವಿದೆ. ನಾನು ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಲಸಿನ ಹಪ್ಪಳ ಮಾಡಿ ಹೊರ ಊರುಗಳಿಗೆ ಕಳುಹಿಸುತ್ತೇನೆ. ಖರ್ಚಿನ ವಿಷಯಕ್ಕೆ ಬಂದರೆ ಇದು ಯಾರ ಹಣವೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಆದರೆ ನನ್ನ ಹೆಸರಿನಲ್ಲಿ ಒಂದು ಕ್ರೆಡಿಟ್ ಕಾರ್ಡ್ ಇರಲೆಂದು ಅರ್ಜಿ ತುಂಬಲು ಕುಳಿತಾಗ, 'ಒಟ್ಟು ವಾರ್ಷಿಕ ಆದಾಯ' ಎಂಬ ಕಾಲಂನಲ್ಲಿ ಯಾವ ಅಂಕಿ ಬರೆಯಬೇಕೆಂಬುದನ್ನು ತೀರ್ಮಾನಿಸಲೇಬೇಕಾಯಿತು.

ಅರ್ಜಿ ತಂದಿದ್ದ ಹುಡುಗ, "ಮನೇದೆಲ್ಲಾ ಸೇರ್ಸಿ ಬರ್ದ್ಬಿಡಿ ಮೇಡಂ, ಲಿಮಿಟ್ ಜಾಸ್ತಿ ಬರುತ್ತೆ" ಎಂದ. ಅಮೆರಿಕದಲ್ಲಿರುವ ನನ್ನ ನಾದಿನಿಯೂ ಫೋನಿನಲ್ಲಿ ಅದನ್ನೇ ಹೇಳಿದಳು. ಅವಳ ಮಾತು ಅವಳಿರುವ ದೇಶಕ್ಕೆ ಸರಿಯಾದದ್ದೇ. ಅಲ್ಲಿ 2009ರ ಕ್ರೆಡಿಟ್ ಕಾರ್ಡ್ ಕಾಯ್ದೆಯ ಬೆನ್ನಿಗೆ ಬಂದ ನಿಯಮಗಳು ಅರ್ಜಿದಾರರ ಸ್ವತಂತ್ರ ಆದಾಯವನ್ನೇ ನೋಡಬೇಕೆಂದು ವಿಧಿಸಿದ್ದವು. ಇದರಿಂದ ಸಂಬಳವಿಲ್ಲದ ಗೃಹಿಣಿಯರಿಗೆ ಕಾರ್ಡ್ ಸಿಗುವುದು ಕಷ್ಟವಾದ ಕಾರಣ, ಅಲ್ಲಿನ ಗ್ರಾಹಕ ಹಣಕಾಸು ಸಂರಕ್ಷಣಾ ಬ್ಯೂರೋ 2013ರಲ್ಲಿ ನಿಯಮವನ್ನು ತಿದ್ದಿ, 21 ವರ್ಷ ತುಂಬಿದವರು ತಮ್ಮ ಕೈಗೂ ಒದಗುತ್ತದೆಂದು ನ್ಯಾಯವಾಗಿ ನಿರೀಕ್ಷಿಸಬಹುದಾದ ಸಂಗಾತಿಯ ಆದಾಯವನ್ನೂ ಲೆಕ್ಕಕ್ಕೆ ಹಿಡಿಯಬಹುದೆಂದಿತು. ನಮ್ಮಲ್ಲಿ ಅಂಥ ತಿದ್ದುಪಡಿ ಬಂದಿಲ್ಲ. ಕಾರ್ಡ್ ಕೊಡುವವರು ಅರ್ಜಿದಾರರ ಸ್ವತಂತ್ರ ಹಣಕಾಸು ಸಾಮರ್ಥ್ಯವನ್ನು ಗಮನಿಸಿ ಸಾಲದ ಅಪಾಯವನ್ನು ತಾವೇ ಅಳೆಯಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಅರ್ಜಿಯ ಕೊನೆಯಲ್ಲಿ ನಾವು ಸಹಿ ಹಾಕುವುದು ಮೇಲಿನ ವಿವರಗಳೆಲ್ಲ ಸತ್ಯವೆಂಬ ಘೋಷಣೆಗೆ. ಸಲಹೆ ಕೊಟ್ಟ ಹುಡುಗನ ಸಹಿ ಅಲ್ಲಿರುವುದಿಲ್ಲ.

ಗೊಂದಲ ಹುಟ್ಟುವುದಕ್ಕೆ ಕಾರಣವೂ ಇದೆ. ಮಕ್ಕಳ ವಿದ್ಯಾರ್ಥಿವೇತನಕ್ಕಾಗಿ ನಾಡಕಚೇರಿಯಲ್ಲಿ ಮಾಡಿಸುವ ಆದಾಯ ಪ್ರಮಾಣಪತ್ರದಲ್ಲಿ ನಮೂದಾಗುವುದು ಕುಟುಂಬದ ಆದಾಯ. ನಮ್ಮೂರಿನ ಹೆಂಗಸರು ಮೈಕ್ರೋಫೈನಾನ್ಸ್ ಸಾಲಕ್ಕೆ ಹೋದಾಗ ಕೇಳುವುದೂ ಕುಟುಂಬದ ಆದಾಯವನ್ನೇ, ಏಕೆಂದರೆ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲವೆಂದರೆ ವಾರ್ಷಿಕ 3,00,000 ರೂಪಾಯಿಯವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ. ಅಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ತೋಟದ ಯಜಮಾನಿಕೆ ಹಿಡಿದಿರುವ ಮಾವ ಆ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ ಎಂಬುದು ಮಲೆನಾಡಿನ ಕೂಡುಕುಟುಂಬಗಳಿಗೆ ವಿಚಿತ್ರವಾಗಿ ಕಾಣುತ್ತದೆ. ಇಂಥ ಕಾಗದಗಳನ್ನು ತುಂಬಿ ರೂಢಿಯಾದವರು ಕಾರ್ಡಿನ ಅರ್ಜಿಯಲ್ಲೂ ಮನೆಯ ಒಟ್ಟು ಮೊತ್ತವನ್ನೇ ಬರೆಯುವುದು ಸಹಜ.

ನನ್ನ ಮಟ್ಟಿಗೆ ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ನನ್ನ ಪ್ಯಾನ್ ಸಂಖ್ಯೆಯ ಕೆಳಗೆ ಸಲ್ಲಿಸಿದ ಆದಾಯ ತೆರಿಗೆ ರಿಟರ್ನ್‌ನಲ್ಲಿ ಇರುವುದು ಮಾತ್ರ ನನ್ನ ಆದಾಯ. ಅಡಿಕೆ ಸುಲಿಯುವ ಕಾಲದಲ್ಲಿ ನಾನೂ ಮೆಟ್ಟುಗತ್ತಿಯ ಮುಂದೆ ಕೂರುತ್ತೇನೆ, ಆಳುಗಳಿಗೆ ಅಡುಗೆ ಮಾಡುತ್ತೇನೆ. ಆ ದುಡಿಮೆಗೆ ಯಾವ ದಾಖಲೆಯಲ್ಲೂ ಬೆಲೆಯಿಲ್ಲವೆಂಬುದು ನನಗೆ ಒಪ್ಪಿಗೆಯಾದ ವ್ಯವಸ್ಥೆಯಲ್ಲ. ಆದರೂ ಅದನ್ನು ಸರಿಪಡಿಸುವ ಜಾಗ ಕಾರ್ಡಿನ ಅರ್ಜಿಯಲ್ಲ.

ಲೆಕ್ಕ ಹಾಕುವಾಗ ನಿಜವಾಗಿ ಹೊತ್ತು ತೆಗೆದುಕೊಂಡದ್ದು ನನ್ನದೇ ಉದ್ಯಮ. ವರ್ಷದ ವಹಿವಾಟು ಸುಮಾರು ಒಂಬತ್ತು ಲಕ್ಷವಿದ್ದರೂ ಮಿಡಿ, ಮೆಣಸಿನಕಾಯಿ, ಬಾಟಲಿ, ಕೂಲಿ, ಕೊರಿಯರ್ ಖರ್ಚು ಕಳೆದ ಮೇಲೆ ಉಳಿಯುವುದು ಮೂರು ಲಕ್ಷದೊಳಗೆ. ಬ್ಯಾಂಕ್ ಖಾತೆಗೆ ಬಿದ್ದ ಹಣವನ್ನೆಲ್ಲ ಕೂಡಿಸಿ ಅದೇ ಆದಾಯವೆಂದು ಬರೆಯುವವರನ್ನು ನಾನು ಕಂಡಿದ್ದೇನೆ. ಅದು ವಹಿವಾಟೇ ಹೊರತು ಆದಾಯವಲ್ಲ. ಸಣ್ಣ ವ್ಯಾಪಾರಿಗಳಿಗೆ ಆದಾಯ ತೆರಿಗೆಯಲ್ಲಿ ಒಂದು ಸರಳ ಪದ್ಧತಿಯಿದ್ದು, ನಗದು ವಹಿವಾಟಿನ ಶೇ. 8 ಮತ್ತು ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರ ಶೇ. 6ರಷ್ಟನ್ನು ಲಾಭವೆಂದು ತೋರಿಸಿದರೆ ಲೆಕ್ಕಪುಸ್ತಕ ಇಡಬೇಕಾಗಿಲ್ಲ. ಅದು ಕನಿಷ್ಠ ಮಿತಿ. ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು. ಕನಿಷ್ಠವನ್ನಷ್ಟೇ ತೋರಿಸಿ ರಿಟರ್ನ್ ಸಲ್ಲಿಸಿದವರು ಆಮೇಲೆ ಕಾರ್ಡಿನ ಅರ್ಜಿಯಲ್ಲಿ ಐದಾರು ಪಟ್ಟು ಬರೆದರೆ, ಎರಡೂ ಕಾಗದಗಳು ಒಂದೇ ಮೇಜಿನ ಮೇಲೆ ಸೇರುತ್ತವೆ.

ಠೇವಣಿಯ ಬಡ್ಡಿಯ ವಿಷಯದಲ್ಲೂ ಎಚ್ಚರ ಬೇಕಾಯಿತು. ಯಜಮಾನರು ಕೊಟ್ಟ ಹಣದಿಂದ ನನ್ನ ಹೆಸರಿನಲ್ಲಿ ಇಟ್ಟ ಠೇವಣಿಯ ಬಡ್ಡಿಯನ್ನು ತೆರಿಗೆ ಕಾನೂನು ಅವರ ಆದಾಯಕ್ಕೇ ಸೇರಿಸುತ್ತದೆ. ಆದ್ದರಿಂದ ಅದನ್ನು ನನ್ನ ಅಂಕಿಯಿಂದ ಹೊರಗಿಟ್ಟು, ಉಪ್ಪಿನಕಾಯಿಯ ಲಾಭದಿಂದಲೇ ಇಟ್ಟ ಠೇವಣಿಯ ಬಡ್ಡಿಯನ್ನು ಮಾತ್ರ ಸೇರಿಸಿದೆ. ಪಾಲಾಗಿ ತೋಟ ತಮ್ಮ ಹೆಸರಿಗೆ ಬಂದಿರುವ ಹೆಂಗಸರ ಮಾತು ಬೇರೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿದ್ದರೂ ಅದು ಅವರದೇ ಆದಾಯ, ಮತ್ತು ರಿಟರ್ನ್‌ನಲ್ಲಿ ವಿನಾಯಿತಿ ಪಡೆದ ಆದಾಯವೆಂದು ಕಾಣಿಸಿದ್ದರೆ ಬ್ಯಾಂಕಿಗೆ ತೋರಿಸಲು ಒಂದು ಆಧಾರ ಸಿಗುತ್ತದೆ. ಆದರೆ ಅದು 5,000 ರೂಪಾಯಿ ದಾಟಿದರೆ ಸಹಜ್ ಅಥವಾ ಸುಗಮ್ ಎಂಬ ಸರಳ ರಿಟರ್ನ್ ನಮೂನೆಯಲ್ಲಿ ಸಲ್ಲಿಸುವಂತಿಲ್ಲ.

ಹೀಗೆ ಬರೆದ ಅಂಕಿಗೆ ಒಂದು ಬ್ಯಾಂಕು ಕಾರ್ಡ್ ನಿರಾಕರಿಸಿತು. ನಿರಾಕರಿಸಿದರೆ ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬುದೂ ಕಾರ್ಡುಗಳ ಬಗೆಗಿನ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಅವರು ತಿಳಿಸಿದರು, ಆ ಕಾರ್ಡಿಗೆ ಅವರು ಇಟ್ಟಿದ್ದ ಕನಿಷ್ಠ ಆದಾಯಕ್ಕಿಂತ ನನ್ನದು ಕಡಿಮೆಯಿತ್ತು. ನನಗೆ ಬೇಸರವೇನೂ ಆಗಲಿಲ್ಲ. ಬೇರೊಂದು ಬ್ಯಾಂಕಿನಲ್ಲಿ, ಉಪ್ಪಿನಕಾಯಿಯ ಲಾಭದಿಂದ ಇಟ್ಟಿದ್ದ ಆ ಠೇವಣಿಯನ್ನೇ ಆಧಾರವಾಗಿಟ್ಟು ಕಾರ್ಡ್ ತೆಗೆದುಕೊಂಡೆ. ಅಂಥ ಕಾರ್ಡಿನ ಮಿತಿ ಠೇವಣಿಯ ಮೊತ್ತದ ಮೇಲೆ ನಿಲ್ಲುವುದರಿಂದ ಆದಾಯದ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಬಿಲ್ಲನ್ನು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕಟ್ಟುತ್ತಾ ಬಂದ ಮೇಲೆ ನನ್ನ ಹೆಸರಿನ ಸಿಬಿಲ್ ಚರಿತ್ರೆಯೂ, ಅಂದರೆ ಸಾಲ ತೀರಿಸಿದ್ದರ ದಾಖಲೆಯೂ, ಶುರುವಾಯಿತು.

ನನ್ನ ಓರಗಿತ್ತಿಗೆ ತನ್ನದೆಂದು ದಾಖಲೆಯಲ್ಲಿ ತೋರಿಸುವ ಆದಾಯವೂ ಇಲ್ಲ, ಠೇವಣಿಯೂ ಇಲ್ಲ. ಅವಳು ಮೈದುನನ ಕಾರ್ಡಿನ ಮೇಲೆ ಆಡ್-ಆನ್ ಕಾರ್ಡ್ ಪಡೆದಳು. ಅದರಲ್ಲಿ ಮನೆಯ ಆದಾಯದ ಬಲ ತಾನಾಗಿಯೇ ಸಿಗುತ್ತದೆ, ಯಾವ ಅಂಕಿಯನ್ನೂ ಹಿಗ್ಗಿಸಬೇಕಾಗಿಲ್ಲ. ಬದಲಿಗೆ ಅವಳು ಮಾಡಿದ ಖರ್ಚಿನ ಹೊಣೆಯೆಲ್ಲ ಮೂಲ ಕಾರ್ಡುದಾರನಾದ ಮೈದುನನದು, ಮಿತಿಯೂ ಇಬ್ಬರಿಗೂ ಸೇರಿ ಒಂದೇ. ದಿನಸಿ ಮತ್ತು ಮಕ್ಕಳ ಫೀಜಿಗೆ ಅವಳಿಗೆ ಅದು ಸಾಕಾಗಿದೆ. ಹೊಲಿಗೆಯ ಆದಾಯಕ್ಕೆ ಮುಂದಿನ ವರ್ಷದಿಂದ ರಿಟರ್ನ್ ಸಲ್ಲಿಸುತ್ತೇನೆ ಎನ್ನುತ್ತಿದ್ದಾಳೆ. ತೆರಿಗೆ ಬೀಳದ ಮೊತ್ತವಾದರೂ ಸಲ್ಲಿಸಲು ಅಡ್ಡಿಯಿಲ್ಲವೆಂದು ನಾನೂ ಹೇಳಿದ್ದೇನೆ.