ಏರಿನಲ್ಲಿ ಪಿಕಪ್ ಬಿಡುವ ವ್ಯಾನ್: ಟರ್ಬೊ ಬದಲಿಸುವ ಮುಂಚೆ ಪೈಪ್ ನೋಡಿ

ಲೋಡ್ ಹಾಕಿಕೊಂಡು ಏರು ಹತ್ತುವಾಗ ಡೀಸೆಲ್ ವ್ಯಾನ್ ಇದ್ದಕ್ಕಿದ್ದಂತೆ ಎಳೆಯುವುದನ್ನು ಬಿಡುತ್ತದೆ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ. ಇದು ಹೆಚ್ಚಾಗಿ ಲಿಂಪ್ ಮೋಡ್. ಎಲ್ಲೋ ಏರುಪೇರು ಕಂಡು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನೇ ಪವರ್ ಇಳಿಸಿರುತ್ತದೆ.

ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದ ತಕ್ಷಣ ಅದು ತೋರಿಸುವ ದೋಷದ ಕೋಡ್ ಅಳಿಸಲು ಬಿಡಬೇಡಿ. ಮೊದಲು ಫೋಟೋ ತೆಗೆದುಕೊಳ್ಳಿ. ಪಿ0299 ಬಂದರೆ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಕೊಡುವ ಗಾಳಿಯ ಒತ್ತಡ ಸಾಲುತ್ತಿಲ್ಲ. ಪಿ0087 ಬಂದರೆ ಫ್ಯೂಯಲ್ ರೈಲ್‌ನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಒತ್ತಡ ಕಡಿಮೆ. ಎರಡರ ದಾರಿಯೇ ಬೇರೆ.

ಪಿ0299 ಆದರೆ ಎಂಜಿನ್ ತಣ್ಣಗಿರುವಾಗ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣ್ಣಗಾಗಿಸುವ ಭಾಗ) ಹೋಗುವ ರಬ್ಬರ್ ಪೈಪಿನ ಅಡಿಭಾಗಕ್ಕೆ, ಕ್ಲಾಂಪ್ ಪಕ್ಕದಲ್ಲೇ ಬೆರಳಾಡಿಸಿ. ಎಣ್ಣೆಗೆ ಧೂಳು ಮೆತ್ತಿ ಕಪ್ಪು ಜಿಡ್ಡು ಕೂತಿದ್ದರೆ ಅಲ್ಲಿ ಸೀಳಿರಬಹುದು. ಸುಮ್ನೆ ನೋಡಿದರೆ ಕಾಣಲ್ಲ, ಪೈಪ್ ಬಗ್ಗಿಸಿದರೆ ಬಾಯಿ ಬಿಡುತ್ತದೆ. ಐಡಲ್‌ನಲ್ಲಿ ಸದ್ದೇ ಇರುವುದಿಲ್ಲ, ಲೋಡ್ ಬಿದ್ದಾಗ ಮಾತ್ರ ಸುಯ್ ಅನ್ನುತ್ತದೆ. ಇದನ್ನು ನೋಡದೆಯೇ 'ಟರ್ಬೊ ಹೋಗಿದೆ' ಅನ್ನುವವರು ಜಾಸ್ತಿ!

ಪಿ0087 ಆದರೆ ಡೀಸೆಲ್ ಫಿಲ್ಟರ್‌ನಿಂದ ಶುರು ಮಾಡಿ. ಕೆಳಗಿನ ಡ್ರೇನ್ ತಿರುಪು ಸಡಿಲಿಸಿ ಪಾರದರ್ಶಕ ಬಾಟಲಿಗೆ ಸ್ವಲ್ಪ ಬಸಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹೊಸ ಫಿಲ್ಟರ್ ಹಾಕಿದ ಮೇಲೂ ಅದೇ ಕೋಡ್ ಬಂದರೆ ಇಂಜೆಕ್ಟರ್ ರಿಟರ್ನ್ ಟೆಸ್ಟ್ (ಪ್ರತಿ ಇಂಜೆಕ್ಟರ್‌ನಿಂದ ಎಷ್ಟು ಡೀಸೆಲ್ ವಾಪಸ್ ಬರುತ್ತದೆ ಅಂತ ಅಳೆಯುವುದು) ಕೇಳಿ. ಡೀಸೆಲ್ ಪಂಪಿನ ಮಾತು ಆಮೇಲೆ. ಎಂಜಿನ್ ಓಡುತ್ತಿರುವಾಗ ಹೈ ಪ್ರೆಶರ್ ಪೈಪ್ ಸಡಿಲಿಸಬೇಡಿ. ಅಲ್ಲಿ ಒತ್ತಡ 1000 ಬಾರ್ ದಾಟಬಹುದು, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.