ಗುಜರಿಯಿಂದ ಬಂದ ಜೋಡಿ ಸ್ಪೀಕರ್: ಬ್ಯಾಡ್ಜ್ ಹೇಳಿದ್ದೇ ಬೇರೆ, ಒಳಗಿದ್ದದ್ದೇ ಬೇರೆ

ಜಯನಗರದಲ್ಲಿ ಒಂದು ಹಳೇ ಮನೆ ಕೆಡವಿದ್ದರು. ಆ ಮನೆಯ ಸಾಮಾನೆಲ್ಲ ನಮ್ಮ ಬೀದಿ ಕೊನೆಯ ಗುಜರಿ ಅಂಗಡಿ ಮುಂದೆ ಬಂದು ಬಿದ್ದಿತ್ತು. ಕಿಟಕಿ ಸರಳು, ಪಿಂಗಾಣಿ ಬೇಸಿನ್, ಕಾಲು ಮುರಿದ ತೊಟ್ಟಿಲು. ಅವುಗಳ ಮಧ್ಯೆ ಎರಡು ಮರದ ಡಬ್ಬ. ಮುಂದಿನ ಬಟ್ಟೆ ಹರಿದು ಜೋತುಬಿದ್ದಿತ್ತು. ಒಂದರ ಮೇಲೆ ಯಾವುದೋ ಜಪಾನಿ ಕಂಪನಿಯ ಬ್ಯಾಡ್ಜ್.

"ಫಾರಿನ್ ಮಾಲು ಸಾರ್, ಐದು ಸಾವಿರ ಕೊಡಿ" ಅಂದ ಅಂಗಡಿಯವನು. ಮೂರೂವರೆಗೆ ಇಳಿಸಿದೆ. ಆ ಬ್ಯಾಡ್ಜ್ ಮೇಲೆ ನನಗೆ ನಂಬಿಕೆ ಇರಲಿಲ್ಲ. ಬ್ಯಾಡ್ಜ್ ಸೊಟ್ಟಗಿತ್ತು, ಅದರ ಅಂಚಿನಲ್ಲಿ ಅಂಟು ಒಸರಿ ಒಣಗಿತ್ತು. ಕಂಪನಿಯವರು ಹಾಗೆ ಅಂಟಿಸುವುದಿಲ್ಲ. ಆದರೂ ಕೊಂಡೆ, ಯಾಕೆಂದರೆ ಡಬ್ಬ ಎತ್ತಿದಾಗ ಭಾರ ಇತ್ತು. ಹಳೇ ಸ್ಪೀಕರ್ ಕೊಳ್ಳುವಾಗ ನಾನು ಮೊದಲು ನೋಡುವುದೇ ತೂಕ. ದೊಡ್ಡ ಮ್ಯಾಗ್ನೆಟ್, ದಪ್ಪ ಮರ ಎರಡಕ್ಕೂ ತೂಕ ಇರುತ್ತದೆ. ಅಗ್ಗದ ಮಾಲು ಹಗುರ.

ಮನೆಗೆ ತಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು, "ಇದರಲ್ಲಿ ಗೆದ್ದಲು ಇಲ್ಲ ತಾನೇ?" ಗೆದ್ದಲು ಇರಲಿಲ್ಲ. ಮೂರು ದಿನ ತಾರಸಿ ಮೇಲೆ, ನೆರಳಲ್ಲಿ ಇಟ್ಟು ನೋಡಿಯೇ ಒಳಗೆ ತಂದೆ.

ಡಬ್ಬದ ಫೋಟೋ ಕಳಿಸಿದಾಗ ಗೆಳೆಯನೊಬ್ಬನ ಫೋನ್ ತಕ್ಷಣ ಬಂತು. "ಮಾರಾಯ, ಅದು ಎಲ್‌ಎಸ್3/5ಎ ಇರಬಹುದು ನೋಡು!" ಬ್ರಿಟನ್ನಿನ ಬಿಬಿಸಿ 1970ರ ದಶಕದಲ್ಲಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಮಾಡಿಸಿದ ಪುಟ್ಟ ಸ್ಪೀಕರ್ ಅದು. ಬಿಬಿಸಿಯಿಂದ ಲೈಸೆನ್ಸ್ ಪಡೆದು ರೋಜರ್ಸ್, ಚಾರ್ಟ್‌ವೆಲ್, ಸ್ಪೆಂಡರ್ ಮುಂತಾದ ಕಂಪನಿಗಳು ತಯಾರಿಸುತ್ತಿದ್ದವು. ಇವತ್ತಿಗೂ ಅದರ ಹಳೇ ಜೋಡಿಗಳಿಗೆ ದುಬಾರಿ ಬೆಲೆ ಇದೆ. ನನಗೂ ಒಂದು ಗಳಿಗೆ ಆಸೆಯಾಯಿತು. ಟೇಪ್ ಹಿಡಿದೆ. ಎಲ್‌ಎಸ್3/5ಎ ಎತ್ತರ ಸುಮಾರು 30.5 ಸೆಂಟಿಮೀಟರ್. ನನ್ನ ಡಬ್ಬ 34 ಇತ್ತು. ಆ ಸ್ಪೀಕರ್‌ನಲ್ಲಿ ಟ್ವೀಟರ್, ಅಂದರೆ ಸಣ್ಣ ಸ್ವರ ನುಡಿಸುವ ಪುಟ್ಟ ಭಾಗ, ಅದರ ಸುತ್ತ ದಪ್ಪ ಫೆಲ್ಟ್ ಪಟ್ಟಿ ಇರುತ್ತದೆ. ನನ್ನದರಲ್ಲಿ ಅದೂ ಇಲ್ಲ, ಇದ್ದ ಗುರುತೂ ಇಲ್ಲ. ಆಸೆ ಅಲ್ಲಿಗೆ ಮುಗಿಯಿತು.

ಇನ್ನು ಒಳಗೆ ನೋಡಬೇಕು. ಡಬ್ಬದ ಹಿಂಬದಿಯ ಹಲಗೆಗೆ ಹನ್ನೆರಡು ಹಿತ್ತಾಳೆ ಸ್ಕ್ರೂ. ಯಾವ ಕಾರ್ಖಾನೆಯೂ ಇಷ್ಟು ಉದಾರವಾಗಿ ಹಿತ್ತಾಳೆ ಹಾಕುವುದಿಲ್ಲ ಅನ್ನಿಸಿತು. ಹಲಗೆ ತೆಗೆದರೆ ಒಳಗೆಲ್ಲ ಬೂರುಗದ ಹತ್ತಿ! ನಮ್ಮಜ್ಜಿ ದಿಂಬಿಗೆ ತುಂಬುತ್ತಿದ್ದರಲ್ಲ, ಅದೇ. ಬೀಜ ಸಮೇತ. ಇಂಗ್ಲೆಂಡಿನಲ್ಲಾಗಲಿ ಜಪಾನಿನಲ್ಲಾಗಲಿ ಸ್ಪೀಕರ್ ಒಳಗೆ ಬೂರುಗದ ಹತ್ತಿ ತುಂಬುವವರು ಯಾರು?

ಹತ್ತಿ ಎಳೆದು ತೆಗೆದೆ. ಟಾರ್ಚ್ ಬಿಟ್ಟೆ. ದಪ್ಪ ಸ್ವರ ನುಡಿಸುವ ವೂಫರ್, ಅದರ ಮ್ಯಾಗ್ನೆಟ್ ಹಿಂದೆ ಒಂದು ದುಂಡು ಲೇಬಲ್. ಕೆಇಎಫ್, ಬಿ110, ಎಸ್‌ಪಿ1003. ಟ್ವೀಟರ್ ಮೇಲೆ ಟಿ27, ಎಸ್‌ಪಿ1032. ದಪ್ಪ ಸ್ವರ ವೂಫರಿಗೆ, ಸಣ್ಣ ಸ್ವರ ಟ್ವೀಟರಿಗೆ ಹಂಚುವ ಕ್ರಾಸೋವರ್ ಹಲಗೆಯ ಮೇಲೆ ಡಿಎನ್13.

ಕೆಇಎಫ್ ಅಂದರೆ ರೇಮಂಡ್ ಕುಕ್ 1961ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಊರಲ್ಲಿ ಶುರುಮಾಡಿದ ಕಂಪನಿ. ಲೋಹದ ಕೆಲಸದ ಕಾರ್ಖಾನೆಯೊಂದರ ಜಾಗದಲ್ಲಿ ಶುರುವಾಯಿತು, ಅದರ ಹೆಸರಿನ ಮೊದಲಕ್ಷರಗಳೇ ಕಂಪನಿಯ ಹೆಸರಾದವು. ಕೆಇಎಫ್‌ನವರು ಪೂರ್ತಿ ಸ್ಪೀಕರ್ ಜೊತೆಗೆ ಬಿಡಿ ವೂಫರ್, ಟ್ವೀಟರ್, ಕ್ರಾಸೋವರ್ ಕೂಡ ಮಾರುತ್ತಿದ್ದರು. ಡಬ್ಬ ನೀವೇ ಮಾಡಿಕೊಳ್ಳಿ ಅಂತ. ಈ ಬಿ110, ಟಿ27 ಎರಡನ್ನೂ ವಿನ್ಯಾಸ ಮಾಡಿದವರು ಮಾಲ್ಕಮ್ ಜೋನ್ಸ್. ಎಲ್‌ಎಸ್3/5ಎ ಒಳಗೆ ಇರುವುದೂ ಇವೇ ಎರಡು. ಅಂದರೆ ಗೆಳೆಯ ಪೂರ್ತಿ ತಪ್ಪು ಹೇಳಿರಲಿಲ್ಲ. ಕರುಳು ಅದೇ, ದೇಹ ಬೇರೆ.

ಹಳೇ ಕೆಇಎಫ್ ಮಾಲು ಸಿಕ್ಕವರು ಎಸ್‌ಪಿ ನಂಬರನ್ನೇ ನಂಬಬೇಕು. ಬಿ110 ಅನ್ನುವ ಹೆಸರಲ್ಲಿ ಬೇರೆ ಬೇರೆ ಆವೃತ್ತಿಗಳಿವೆ. ಎಸ್‌ಪಿ1003 ಮೊದಲಿನದು, ಎಸ್‌ಪಿ1057 ಆಮೇಲಿನದು. ಒಂದು ಡಬ್ಬದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಇದ್ದರೆ ಜೋಡಿ ಜೋಡಿಯಾಗಿ ಹಾಡುವುದಿಲ್ಲ. ನನ್ನ ಅದೃಷ್ಟ, ಎರಡೂ 1003.

ಆದರೆ ಡಬ್ಬ ಯಾರದು? ಅದಕ್ಕೆ ಉತ್ತರ ಹಿಂದಿನ ಹಲಗೆಯ ಒಳಮೈಯಲ್ಲಿತ್ತು. ಪೆನ್ಸಿಲಿನಲ್ಲಿ, ದುಂಡಗಿನ ಅಕ್ಷರದಲ್ಲಿ ಒಂದರ ಮೇಲೆ 'ಎಡ', ಇನ್ನೊಂದರ ಮೇಲೆ 'ಬಲ'. ಕೆಳಗೆ '79'.

ಅಷ್ಟೇ. ಹೆಸರಿಲ್ಲ. ಆ ಕಾಲದಲ್ಲಿ ಹೊರದೇಶದ ಹೈಫೈ ಸಾಮಾನಿನ ಮೇಲೆ ಭಾರೀ ಸುಂಕ. ಪೂರ್ತಿ ಸ್ಪೀಕರ್ ತರುವುದು ಕನಸಿನ ಮಾತು. ಯಾರೋ ಇಂಗ್ಲೆಂಡಿಗೆ ಹೋದವರು ನಾಲ್ಕು ಬಿಡಿಭಾಗ ಮತ್ತು ಎರಡು ಕ್ರಾಸೋವರ್ ಸೂಟ್‌ಕೇಸಿನಲ್ಲಿ ತಂದು, ಇಲ್ಲಿ ತೇಗದ ವೆನೀರು, ಅಂದರೆ ತೆಳು ಹೊದಿಕೆ, ಅಂಟಿಸಿದ ಡಬ್ಬ ಮಾಡಿಸಿದ್ದಾರೆ ಅಂತ ನನ್ನ ಊಹೆ. ಒಳ ಅಳತೆ ಹಿಡಿದೆ: 30, 19, 16 ಸೆಂಟಿಮೀಟರ್. ಗುಣಿಸಿದರೆ ಸುಮಾರು 9 ಲೀಟರ್. ಗಾಳಿ ಆಡದ ಮುಚ್ಚಿದ ಡಬ್ಬದಲ್ಲಿ ಬಿ110ಗೆ ಇದು ಸರಿಯಾದ ಅಳತೆಯೇ. ಮಾಡಿಸಿದವರು ಲೆಕ್ಕ ಬಲ್ಲವರು.

ಈಗ ರಿಪೇರಿಯ ವಿಷಯ. ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಮಲ್ಟಿಮೀಟರ್ ಇಟ್ಟು ನೋಡಿದೆ. ವೂಫರ್ ಎರಡೂ, ಟ್ವೀಟರ್ ಎರಡೂ 6ರಿಂದ 7 ಓಮ್ ತೋರಿಸಿದವು. 8 ಓಮಿನ ಸ್ಪೀಕರ್ ಮೀಟರ್‌ನಲ್ಲಿ ಅಷ್ಟೇ ತೋರಿಸುವುದು, ಭಯ ಬೇಡ. ಕಾಯಿಲ್ ಎಲ್ಲೂ ಕಡಿದಿಲ್ಲ ಅಂತ ಅರ್ಥ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ನಾನು ಸುಮ್ಮನಿರಲಿಲ್ಲ. ಒಂದು ಟ್ವೀಟರ್ ಹೊರಗೆ ತೆಗೆದು, 'ಸುಮ್ನೆ ಒಂದ್ಸಲ ಕೇಳೋಣ' ಅಂತ ನೇರವಾಗಿ ಆಂಪ್ಲಿಫೈಯರ್‌ಗೆ ಜೋಡಿಸಿದೆ. ಕ್ರಾಸೋವರ್ ಇಲ್ಲದೆ. ಧ್ವನಿ ತುಂಬಾ ಸಣ್ಣದಿತ್ತು. ಗುಬುಟು ಸ್ವಲ್ಪ ತಿರುಗಿಸಿದೆ. 'ಟಿಕ್' ಅಂತು. ಆಮೇಲೆ ಮೀಟರ್ ಏನೂ ತೋರಿಸಲಿಲ್ಲ.

ನಲವತ್ತಕ್ಕೂ ಹೆಚ್ಚು ವರ್ಷ ಬದುಕಿದ್ದ ಟ್ವೀಟರನ್ನು ನಾನು ನಲವತ್ತು ಸೆಕೆಂಡಿನಲ್ಲಿ ಕೊಂದೆ. ಟಿ27ರ ಡೋಮ್, ಅಂದರೆ ಕಂಪಿಸುವ ಗುಮ್ಮಟ, ಮುಕ್ಕಾಲು ಇಂಚಿನದು. ಅದರ ಕಾಯಿಲಿನ ತಂತಿ ಕೂದಲಿನಷ್ಟು ತೆಳು. ತಬಲದ ಡಗ್ಗಾ, ಮೃದಂಗದ ತೊಪ್ಪಿಯಂಥ ದಪ್ಪ ಸ್ವರ ಅದರ ಹತ್ತಿರ ಬರಬಾರದು ಅಂತಲೇ ಕ್ರಾಸೋವರ್‌ನಲ್ಲಿ ಕೆಪಾಸಿಟರ್ ಇಡುವುದು. ಟ್ವೀಟರ್ ಒಂದನ್ನೇ ಕೇಳಲೇಬೇಕು ಅಂತಿದ್ದರೆ ಕ್ರಾಸೋವರ್ ಮೂಲಕವೇ ಕೇಳಿ, ವೂಫರಿನ ತಂತಿ ಬಿಚ್ಚಿ.

ಬದಲಿ ಟ್ವೀಟರ್ ಹುಡುಕಿದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡು ಶನಿವಾರ ಅಲೆದೆ. ಎಲ್ಲರೂ ತೋರಿಸಿದ್ದು ಈಗಿನ ರೇಷ್ಮೆ ಡೋಮಿನ ಟ್ವೀಟರ್. ಕೂರುತ್ತದೆ, ಆದರೆ ಧ್ವನಿ ಬೇರೆ, ಜೋರೂ ಬೇರೆ. ಇಂಗ್ಲೆಂಡಿನಲ್ಲಿ ಮಾಲ್ಕಮ್ ಜೋನ್ಸ್ ಸ್ಥಾಪಿಸಿದ ಫಾಲ್ಕನ್ ಅಕೌಸ್ಟಿಕ್ಸ್ ಕಂಪನಿ ಟಿ27ನ್ನು ಹೊಸದಾಗಿ ಮಾಡುತ್ತದೆ. ಅದು ನನ್ನ ಕೈಗೆ ದುಬಾರಿ. ಕೊನೆಗೆ ಅಲ್ಲೇ ಓದುತ್ತಿರುವ ತಂಗಿ ಮಗನಿಗೆ ಹೇಳಿದೆ. ಬಳಸಿದ ಟಿ27 ಒಂದನ್ನು ಹುಡುಕಿ ಕೊಂಡ. ಕೊಳ್ಳುವ ಮೊದಲು ಮೂರು ಫೋಟೋ ಕೇಳು ಅಂದಿದ್ದೆ: ಲೇಬಲ್‌ನ ನಂಬರ್, ಡೋಮ್ ತಗ್ಗಾಗಿದೆಯಾ ಅಂತ ಕಾಣುವ ಹಾಗೆ ಓರೆಯಿಂದ ಒಂದು, ಮೀಟರ್ ಇಟ್ಟ ಓಮ್ ಒಂದು. ರಜೆಗೆ ಬಂದಾಗ ಕಾಲುಚೀಲದೊಳಗೆ ಸುತ್ತಿ ಸೂಟ್‌ಕೇಸಿನಲ್ಲಿ ತಂದ. "ಮಾವ, ಏರ್‌ಪೋರ್ಟಲ್ಲಿ ಇದೇನು ಅಂತ ಕೇಳಿದ್ರು. ಮಾವನ ಹುಚ್ಚು ಅಂದೆ" ಅಂದ.

ಅವನು ಬರುವ ತನಕ ಮಿಕ್ಕ ಕೆಲಸ ಮಾಡಿದೆ.

ವೂಫರಿನ ಕೋನ್, ಅಂದರೆ ಕಂಪಿಸಿ ಸದ್ದು ಹೊರಡಿಸುವ ಲಾಳಿಕೆಯಂಥ ಭಾಗದ ಬಗ್ಗೆ ಒಂದು ಎಚ್ಚರಿಕೆ. ಬಿ110ರ ಕೋನ್ ಕಾಗದದ್ದಲ್ಲ, ಬೆಕ್ಸ್‌ಟ್ರೀನ್. ಪಾಲಿಸ್ಟೈರೀನ್ ಜಾತಿಯ ಪ್ಲಾಸ್ಟಿಕ್. ಅದರ ಮೇಲೆ ಕಂಪನ ತಗ್ಗಿಸಲು ಒಂದು ಲೇಪ ಬಳಿದಿರುತ್ತಾರೆ. ಅದಕ್ಕೆ ಧೂಳು ಕಚ್ಚಿಕೊಂಡು ಬೂದು ಬಣ್ಣವಾಗಿತ್ತು. ನಮ್ಮ ಕಡೆಯ ರೇಡಿಯೋ ರಿಪೇರಿಯವರು "ಥಿನ್ನರ್ ಹಾಕಿ ಒರೆಸಿ ಸಾರ್, ಫಳಫಳ ಅನ್ನುತ್ತೆ" ಅಂದರು. ಥಿನ್ನರ್ ತಾಗಿದರೆ ಈ ಪ್ಲಾಸ್ಟಿಕ್ ಕರಗುತ್ತದೆ. ನಾನು ಚಿತ್ರ ಬರೆಯುವ ಮೆತ್ತನೆ ಬ್ರಷ್‌ನಲ್ಲಿ ಒಣ ಧೂಳು ಮಾತ್ರ ಹೊಡೆದೆ. ಸ್ವಲ್ಪ ಬೂದು ಉಳಿಯಿತು. ಉಳಿಯಲಿ.

ಕೋನ್ ಅಂಚಿನ ಸುತ್ತು ಗಟ್ಟಿಯಾಗಿಯೇ ಇತ್ತು. ಹಳೇ ಸ್ಪೀಕರ್ ಎಷ್ಟೋ ಸಾಯುವುದು ಇಲ್ಲೇ. ಫೋಮಿನ ಸುತ್ತಾದರೆ ಹದಿನೈದಿಪ್ಪತ್ತು ವರ್ಷಕ್ಕೆ ಪುಡಿಪುಡಿ. ಇದು ರಬ್ಬರಿನಂಥದ್ದು, ಹಾಗಾಗಿ ಬಚಾವ್. ಪುಡಿಯಾಗಿದ್ದದ್ದು ವೂಫರ್ ಮತ್ತು ಹಲಗೆಯ ನಡುವಿನ ತೆಳು ಫೋಮ್ ಪಟ್ಟಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲ ಸಂದಿಗೆ ಅಂಟಿಸುವ ಪಟ್ಟಿ ಸಿಗುತ್ತದಲ್ಲ, ಅದನ್ನೇ ಹಾಕಿದೆ. ಮುಚ್ಚಿದ ಡಬ್ಬದಲ್ಲಿ ಗಾಳಿ ಸೋರಿದರೆ ಬೇಸ್ ಕೆಡುತ್ತದೆ. ಪರೀಕ್ಷೆ ಸುಲಭ: ಎಲ್ಲ ಮುಚ್ಚಿದ ಮೇಲೆ ಕೋನನ್ನು ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒಳಗೆ ಒತ್ತಿ, ಬಿಡಿ. ನಿಧಾನವಾಗಿ ಹೊರಗೆ ಬಂದರೆ ಡಬ್ಬ ಬಿಗಿಯಾಗಿದೆ. ಪಟ್ಟನೆ ಬಂದರೆ ಎಲ್ಲೋ ಸೋರುತ್ತಿದೆ.

ಸ್ಕ್ರೂ ಬಿಗಿಯುವಾಗ ಸ್ಕ್ರೂಡ್ರೈವರನ್ನು ಮ್ಯಾಗ್ನೆಟ್ ಎಳೆಯುತ್ತದೆ. ಕೈ ಜಾರಿದರೆ ನೇರ ಕೋನ್ ಮೇಲೆ. ನಾನು ಕೋನ್ ಮೇಲೆ ದಪ್ಪ ರಟ್ಟು ಮುಚ್ಚಿಯೇ ಕೆಲಸ ಮಾಡಿದೆ. ಒಂದು ಕೊಲೆ ಸಾಕಾಗಿತ್ತು.

ಕ್ರಾಸೋವರ್‌ನ ಕಾಯಿಲುಗಳಿಗೆ ವಯಸ್ಸಾಗುವುದಿಲ್ಲ, ಮುಟ್ಟಬೇಡಿ. ವಯಸ್ಸಾಗುವುದು ಕೆಪಾಸಿಟರ್‌ಗೆ. ಒಂದು ಕಾಲು ಬಿಡಿಸಿ ಮೀಟರ್ ಇಟ್ಟೆ. ಕಾಲು ಬಿಡಿಸದೆ ನೋಡಿದರೆ ಅಕ್ಕಪಕ್ಕದ ಭಾಗಗಳೂ ಸೇರಿ ಅಳತೆ ತಪ್ಪಾಗುತ್ತದೆ. ಅದರ ಮೇಲೆ ಬರೆದಿದ್ದ ಮೈಕ್ರೋಫ್ಯಾರಡ್ ಅಳತೆಗಿಂತ ನೂರಕ್ಕೆ 20ರಿಂದ 30 ಜಾಸ್ತಿ ಬಂತು. ಎಡದ್ದೇ ಬೇರೆ, ಬಲದ್ದೇ ಬೇರೆ. ಎರಡೂ ಕಡೆ ಬದಲಿಸಿದೆ. ಇಲ್ಲಿ ಜನ ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕಿ ಅಂತಾರೆ. ಫಿಲ್ಮಿನದು ಬಾಳಿಕೆ ಬರುತ್ತದೆ, ನಿಜ. ಆದರೆ ಅದರ ಒಳಗಿನ ಪ್ರತಿರೋಧ ಕಡಿಮೆ. ಹಾಗಾಗಿ ಟ್ವೀಟರ್ ಮೊದಲಿಗಿಂತ ಒಂಚೂರು ಮುಂದೆ ಬಂದಂತೆ ಕೇಳಬಹುದು. 79ರಲ್ಲಿ ಇದು ಹೇಗೆ ಹಾಡುತ್ತಿತ್ತೋ ಹಾಗೆ ಬೇಕಿತ್ತು ನನಗೆ. ಅದಕ್ಕೆ ಹಳೇದರಂಥದೇ ಬೈಪೋಲಾರ್, ಅಂದರೆ ಪ್ಲಸ್, ಮೈನಸ್ ಭೇದವಿಲ್ಲದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಾಕಿದೆ. ಪ್ಲಸ್, ಮೈನಸ್ ಇರುವ ಮಾಮೂಲಿ ಎಲೆಕ್ಟ್ರೊಲಿಟಿಕ್ ಇಲ್ಲಿ ಹಾಕುವಂತಿಲ್ಲ. ಸರಿಯಾದ ಅಳತೆಯದು ಸಿಗದಿದ್ದಾಗ ಎರಡನ್ನು ಪಕ್ಕಪಕ್ಕ ಸೇರಿಸಿದೆ, ಅಳತೆ ಕೂಡಿಕೊಳ್ಳುತ್ತದೆ.

ಬೂರುಗದ ಹತ್ತಿ ತೂಗಿದೆ, ಡಬ್ಬಕ್ಕೆ 140 ಗ್ರಾಂ. ಅದರಲ್ಲಿ ಹುಳದ ಪುಡಿ ತುಂಬಿತ್ತು. ಹಾಸಿಗೆ ಅಂಗಡಿಯಿಂದ ಪಾಲಿಯೆಸ್ಟರ್ ಹತ್ತಿ ಅಷ್ಟೇ ತೂಕ ತಂದು ತುಂಬಿದೆ. ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಯಿತು.

ಮರದ ಕೆಲಸ ನನ್ನದಲ್ಲ. ನಮ್ಮ ಆಚಾರ್ರು ನೋಡಿ, "ಇದು ಮಿಷನ್ ಕೆಲಸ ಅಲ್ಲ, ಮೂಲೆ ನೋಡಿ, ಕೈಯಲ್ಲಿ ಕೂಡಿಸಿದ್ದು. ಉಜ್ಜಬೇಡಿ, ವೆನೀರು ಕಾಗದದಷ್ಟು ತೆಳು" ಅಂದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಅಗಸೆ ಎಣ್ಣೆ ತೆಳ್ಳಗೆ ಮೂರು ಸಲ ಹಚ್ಚಿದೆವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಮುಂದಿನ ಬಟ್ಟೆಗೆ ಚಿಕ್ಕಪೇಟೆಯಲ್ಲಿ ಹುಡುಕಿದೆ. ಬಾಯಿಂದ ಊದಿದರೆ ಉಸಿರು ಆಚೆಯ ಅಂಗೈಗೆ ತಾಗಬೇಕು, ಇಷ್ಟೇ ಪರೀಕ್ಷೆ. ಖಾದಿ ಫೇಲ್ ಆಯಿತು. ಸಡಿಲ ನೇಯ್ಗೆಯ ಕಂದು ಬಟ್ಟೆ ಪಾಸಾಯಿತು. ಆ ಜಪಾನಿ ಬ್ಯಾಡ್ಜ್ ತಿರುಗಿ ಅಂಟಿಸಲಿಲ್ಲ.

ಟ್ವೀಟರ್ ಬಂದ ಸಂಜೆ ಎಲ್ಲ ಜೋಡಿಸಿ ಹಾಕಿದೆ. ಬೇಸೇ ಇಲ್ಲ! ಹಾಡುವವರು ಎರಡು ಸ್ಪೀಕರ್ ನಡುವೆ ನಿಲ್ಲದೆ ಕೋಣೆಯೆಲ್ಲ ಅಲೆಯುತ್ತಿದ್ದಾರೆ. ಬಲದ ವೂಫರಿಗೆ ಒಂದೂವರೆ ವೋಲ್ಟ್ ಸೆಲ್ ತಾಗಿಸಿದೆ. ಪ್ಲಸ್ಸಿಗೆ ಪ್ಲಸ್ ಕೊಟ್ಟರೆ ಕೋನ್ ಮುಂದೆ ಬರಬೇಕು, ಬಂತು. ಅಂದರೆ ವೂಫರ್ ಸರಿ ಇದೆ. ಡಬ್ಬದ ಹಿಂದಿನ ಸಾಕೆಟ್ಟಿಗೆ ಸೆಲ್ ಕೊಟ್ಟೆ, ಕೋನ್ ಹಿಂದೆ ಹೋಯಿತು. ಒಳಗೆ ಯಾರೋ ಯಾವಾಗಲೋ ತಂತಿ ಅದಲುಬದಲು ಮಾಡಿದ್ದಾರೆ. ಅದು ನಾನೇ ಇರಬಹುದು. ತಿರುಗಿಸಿ ಬೆಸುಗೆ ಹಾಕಿದೆ. ಬೇಸ್ ಬಂತು, ಹಾಡುವವರು ನಡುವೆ ಬಂದು ನಿಂತರು.

ಬಿಬಿಸಿ ಎಂಜಿನಿಯರುಗಳು ಸ್ಪೀಕರ್ ಪರೀಕ್ಷೆಗೆ ಮಾತನ್ನು ಬಳಸುತ್ತಿದ್ದರು. ಎದುರಿಗೆ ಮಾತಾಡುವ ಮನುಷ್ಯ, ಸ್ಪೀಕರಿನಲ್ಲಿ ಅವನದೇ ದನಿ, ಎರಡನ್ನೂ ಹೋಲಿಸುವುದು. ನಾನೂ ಹೆಂಡತಿಯ ಕೈಗೆ ಅವತ್ತಿನ ಪೇಪರ್ ಕೊಟ್ಟು ಓದಿಸಿ, ರೆಕಾರ್ಡ್ ಮಾಡಿ ಹಾಕಿದೆ. "ನನ್ನ ದನಿ ಹೀಗಿದ್ಯಾ?" ಅಂದಳು. ಹೌದು, ಹಾಗೇ ಇತ್ತು. ಆಮೇಲೆ ಆಕಾಶವಾಣಿ ಹಾಕಿದೆ. ಪ್ರದೇಶ ಸಮಾಚಾರ ಓದುವವರು ಪುಟ ತಿರುಗಿಸಿದ ಸದ್ದೂ ಕೇಳಿಸಿತು. ಬೇಸ್ ಎದೆಗೆ ಗುದ್ದುವುದಿಲ್ಲ, ಐದಿಂಚಿನ ವೂಫರಿನಿಂದ ಅದನ್ನು ಬಯಸಲೂಬಾರದು. ಆಂಪ್ಲಿಫೈಯರ್ ಗುಬುಟು ಬೇರೆ ಸ್ಪೀಕರಿಗಿಂತ ಜಾಸ್ತಿ ತಿರುಗಿಸಬೇಕು. ಮನುಷ್ಯರ ದನಿ ಮಾತ್ರ ಮನುಷ್ಯರ ದನಿಯಂತೆಯೇ ಇದೆ.

ಒಂದು ದೂರು ಉಳಿದಿತ್ತು. ಮಂದ್ರ ಸ್ವರ ಬಂದಾಗ ಎಡಗಡೆಯಿಂದ ಸಣ್ಣ ಗುಂಯ್. ಡಬ್ಬ ಮತ್ತೆ ಬಿಚ್ಚಿದೆ, ಹನ್ನೆರಡೂ ಸ್ಕ್ರೂ ಬಿಗಿದೆ, ತಂತಿ ಅಲ್ಲಾಡದಂತೆ ಕಟ್ಟಿದೆ. ಗುಂಯ್ ಹೋಗಲಿಲ್ಲ. ಎರಡು ಭಾನುವಾರ ಹೀಗೇ ಕಳೆಯಿತು. ಮೂರನೇ ಭಾನುವಾರ ಹೆಂಡತಿ ಬಂದು ಶೋಕೇಸಿನ ಗಾಜಿನ ಮೇಲೆ ಕೈಯಿಟ್ಟಳು. ಗುಂಯ್ ನಿಂತಿತು.